ಅಮ್ಮನ ಜತೆ ಆಶ್‌ವಿಲ್‌ಗೆ: ಇಳಿದುಕೊಳ್ಳುವುದು ಗ್ರೋವ್ ಪಾರ್ಕ್ ಇನ್‌ನಲ್ಲೋ, ಬಿಲ್ಟ್‌ಮೋರ್ ಎಸ್ಟೇಟಿನಲ್ಲೋ?

ದೀಪಾವಳಿ ಮುಗಿಯುತ್ತಿದ್ದ ಹಾಗೆ ಗೆಳತಿಯರಿಂದ ಇದೇ ಪ್ರಶ್ನೆ ಬರುತ್ತದೆ. "ಅಮ್ಮ ಊರಿಂದ ಬಂದಿದ್ದಾರೆ, ಕ್ರಿಸ್‌ಮಸ್ ರಜೆಗೆ ಆಶ್‌ವಿಲ್‌ಗೆ ಕರ್ಕೊಂಡು ಹೋಗ್ಬೇಕು ಅಂತಿದೀನಿ. ನಾವಿಬ್ಬರೇ. ಎಲ್ಲಿ ಉಳಿಯೋದು?" ನಾನು ಇರುವುದು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಶಾರ್ಲೆಟ್‌ನಲ್ಲಿ, ಅದೇ ರಾಜ್ಯದ ಬೆಟ್ಟದೂರು ಆಶ್‌ವಿಲ್‌ಗೆ ಎರಡು ಗಂಟೆಯ ದಾರಿ. ಅಮ್ಮನನ್ನು ಎರಡು ಸಲ ಕರೆದುಕೊಂಡು ಹೋಗಿದ್ದೇನೆ. ಒಮ್ಮೆ ಬಿಲ್ಟ್‌ಮೋರ್ ಎಸ್ಟೇಟಿನೊಳಗಿನ ಹೋಟೆಲಿನಲ್ಲಿ ಇದ್ದೆವು, ಇನ್ನೊಮ್ಮೆ ಗ್ರೋವ್ ಪಾರ್ಕ್ ಇನ್ ಎಂಬ ಬೆಟ್ಟದ ಮೇಲಿನ ಹಳೇ ಹೋಟೆಲಿನಲ್ಲಿ. ಪ್ರತಿ ಸಲ ಫೋನಿನಲ್ಲಿ ಒಂದು ಗಂಟೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನೋಡುವ ಜಾಗಗಳ ಬಗ್ಗೆ ಗೊಂದಲವಿಲ್ಲ. ಎಲ್ಲಿ ಉಳಿದರೂ ಬಿಲ್ಟ್‌ಮೋರ್ ಮನೆಯನ್ನು ನೋಡುತ್ತೀರಿ, ಗ್ರೋವ್ ಪಾರ್ಕ್ ಇನ್‌ಗೂ ಒಮ್ಮೆ ಹೋಗಿ ಬರುತ್ತೀರಿ. ಎರಡರ ನಡುವೆ ಕಾರಿನಲ್ಲಿ ಕಾಲು ಗಂಟೆ, ಇಪ್ಪತ್ತು ನಿಮಿಷ ಅಷ್ಟೇ. ತೀರ್ಮಾನಿಸಬೇಕಾದ್ದು ಬೇರೆ: ಸುತ್ತಾಡಿ ಮುಗಿದ ಮೇಲೆ, ಸಂಜೆ ಐದೂವರೆಗೆ ಕತ್ತಲಾದ ಮೇಲೆ, ನೀವಿಬ್ಬರೂ ಎಲ್ಲಿ ಕೂತಿರುತ್ತೀರಿ? ಡಿಸೆಂಬರಿನ ಆಶ್‌ವಿಲ್‌ನಲ್ಲಿ ರಾತ್ರಿ ದೊಡ್ಡದು. ಅಮ್ಮನಿಗೆ ನೆನಪಿನಲ್ಲಿ ಉಳಿಯುವುದೂ ಆ ಕೂತ ಹೊತ್ತೇ.

ಎರಡು ಮನೆಗಳ ಗುಣ

ಬಿಲ್ಟ್‌ಮೋರ್ ಒಬ್ಬ ಶ್ರೀಮಂತನ ಮನೆ. ಜಾರ್ಜ್ ವ್ಯಾಂಡರ್‌ಬಿಲ್ಟ್ 1889ರಲ್ಲಿ ಕಟ್ಟಿಸಲು ಶುರು ಮಾಡಿ 1895ರ ಕ್ರಿಸ್‌ಮಸ್ ಮುನ್ನಾದಿನ ಮನೆಯವರನ್ನೂ ಸ್ನೇಹಿತರನ್ನೂ ಕರೆದು ಗೃಹಪ್ರವೇಶ ಮಾಡಿದ. 250 ಕೋಣೆ, 65 ಅಗ್ಗಿಷ್ಟಿಕೆ, 43 ಬಚ್ಚಲುಮನೆ. ಮನೆ ರಿಚರ್ಡ್ ಮಾರಿಸ್ ಹಂಟ್ ಎಂಬ ವಾಸ್ತುಶಿಲ್ಪಿಯದು. ತೋಟ, ಕಾಡು, ದಾರಿ ಎಲ್ಲವೂ ಫ್ರೆಡರಿಕ್ ಲಾ ಓಮ್‌ಸ್ಟೆಡ್‌ನದು, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದವನೇ. ಒಂದು ಕಾಲಕ್ಕೆ 1,25,000 ಎಕರೆ ಇದ್ದದ್ದು ಈಗ 8,000 ಎಕರೆ. ಇಂದಿಗೂ ಅದೇ ವಂಶದವರ ಕೈಯಲ್ಲಿದೆ. ಆ ಮನೆಯೊಳಗೆ ಯಾರೂ ರಾತ್ರಿ ಉಳಿಯುವಂತಿಲ್ಲ. ಎಸ್ಟೇಟಿನಲ್ಲಿ ಉಳಿಯುವುದು ಎಂದರೆ 2001ರಲ್ಲಿ ತೆರೆದ ಇನ್ ಅಥವಾ 2015ರಲ್ಲಿ ಬಂದ ವಿಲೇಜ್ ಹೋಟೆಲಿನಲ್ಲಿ. ಚಿತ್ರದಲ್ಲಿ ಕಾಣುವ ಅರಮನೆಯಲ್ಲೇ ಮಲಗುತ್ತೇವೆ ಅಂದುಕೊಂಡು ಬುಕ್ ಮಾಡುವವರು ಬಹಳ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಇವು ಹೊಸ ಕಟ್ಟಡಗಳು.

ಗ್ರೋವ್ ಪಾರ್ಕ್ ಇನ್ ಮೊದಲಿನಿಂದಲೂ ಅತಿಥಿಗಳಿಗಾಗಿಯೇ ಕಟ್ಟಿದ ಮನೆ. ಮಲೇರಿಯಾಕ್ಕೆ ಕ್ವಿನೈನ್ ಟಾನಿಕ್ ಮಾರಿ ಹಣ ಮಾಡಿದ ಎಡ್ವಿನ್ ವೈಲಿ ಗ್ರೋವ್ ಇದನ್ನು ಕಟ್ಟಿಸಿದ. ವಿನ್ಯಾಸ, ಮೇಲ್ವಿಚಾರಣೆ ಎರಡನ್ನೂ ಹೊತ್ತವನು ಅವನ ಅಳಿಯ ಫ್ರೆಡ್ ಸೀಲಿ. ಸನ್‌ಸೆಟ್ ಬೆಟ್ಟದ ಬಂಡೆಗಳನ್ನೇ ತಂದು, ಹೆಚ್ಚು ಕೆತ್ತದೆ, ಪಾಚಿ ಹತ್ತಿದ ಮೈಯನ್ನು ಹಾಗೇ ಬಿಟ್ಟು ಜೋಡಿಸಿದರು. ವರ್ಷದೊಳಗೆ ಕಟ್ಟಿ ಮುಗಿಸಿ 1913ರ ಜುಲೈನಲ್ಲಿ ಬಾಗಿಲು ತೆರೆದರು. ಇಲ್ಲಿ ಹಳೇ ಮನೆಯೊಳಗೇ ಮಲಗಬಹುದು. 1942ರಲ್ಲಿ ಶತ್ರುರಾಷ್ಟ್ರಗಳ ರಾಜತಾಂತ್ರಿಕರನ್ನು ಕಾವಲಿನಲ್ಲಿಟ್ಟದ್ದು ಇದೇ ಕಟ್ಟಡದಲ್ಲಿ.

ಅಮ್ಮ ಮೈಸೂರಿನವಳು. ಈ ಇಸವಿಗಳನ್ನು ಹೇಳಿದ ಕೂಡಲೇ ಅವಳ ಲೆಕ್ಕ ಬೇರೆ ಕಡೆ ಓಡಿತು. "ನಮ್ಮ ಮರದ ಅರಮನೆ ಸುಟ್ಟಿದ್ದು 1897ರಲ್ಲಿ, ಹೊಸದು ಮುಗಿದಿದ್ದು 1912ರಲ್ಲಿ. ಹಾಗಾದ್ರೆ ಒಂದು ನಮ್ಮ ಅರಮನೆಗಿಂತ ಅಕ್ಕ, ಇನ್ನೊಂದು ತಂಗಿ ಕಣೇ." ಆಮೇಲೆ ಎರಡು ದಿನವೂ ಅವಳಿಗೆ ಬಿಲ್ಟ್‌ಮೋರ್ ಅಕ್ಕ, ಗ್ರೋವ್ ಪಾರ್ಕ್ ತಂಗಿ. ನನಗೂ ಆ ಹೆಸರುಗಳೇ ರೂಢಿಯಾಗಿವೆ.

ಎಸ್ಟೇಟಿನಲ್ಲಿ ಉಳಿದರೆ

ಇದರ ದೊಡ್ಡ ಲಾಭ ಬೆಳಗಿನದು. ಗೇಟಿನ ಹೊರಗಿನ ಗಜಿಬಿಜಿ ಇಲ್ಲ, ಎದ್ದು ಕಿಟಕಿ ಪರದೆ ಸರಿಸಿದರೆ ಮಂಜು, ಹುಲ್ಲುಗಾವಲು, ಆಚೆಗೆ ಬೆಟ್ಟದ ಸಾಲು. ನಡೆಯುವ ಅಭ್ಯಾಸವಿರುವ ಅಮ್ಮಂದಿರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆ್ಯಂಟ್ಲರ್ ಹಿಲ್ ವಿಲೇಜ್ ಎಂಬ ಭಾಗದಲ್ಲಿ ಹಳೇ ದನದ ಕೊಟ್ಟಿಗೆಯೇ 1985ರಿಂದ ವೈನರಿ ಆಗಿದೆ. ಅಮ್ಮ ವೈನ್ ಮುಟ್ಟದವಳು, ಆದರೆ ಕೋಳಿ, ಕುರಿ, ಕುದುರೆ ಇರುವ ಫಾರ್ಮಿನ ಅಂಗಳದಲ್ಲಿ ಅವಳು ಮುಕ್ಕಾಲು ಗಂಟೆ ನಿಂತಿದ್ದಳು.

ತೊಂದರೆ ಎರಡಿವೆ. ಇನ್‌ನಿಂದ ದೊಡ್ಡ ಮನೆ ಕೂಗಳತೆಯಲ್ಲಿ ಇಲ್ಲ, ಕೆಲವು ಮೈಲಿ ದೂರ, ಕಾರು ಅಥವಾ ಶಟಲ್ ಬಸ್ಸು ಬೇಕು. ಎರಡನೆಯದು, ರೂಮು ಹಿಡಿದ ಮಾತ್ರಕ್ಕೆ ಮನೆಯ ಟಿಕೆಟ್ ಸಿಕ್ಕಿತು ಅಂತಲ್ಲ. ಪ್ಯಾಕೇಜಿನಲ್ಲಿ ಟಿಕೆಟ್ ಸೇರಿದೆಯೇ, ಎಷ್ಟು ದಿನಕ್ಕೆ ಸೇರಿದೆ ಎಂದು ದುಡ್ಡು ಕಟ್ಟುವ ಮೊದಲೇ ನೋಡಿಕೊಳ್ಳಿ. ಸಂಜೆಯ ಮಾತಿಗೆ ಬಂದರೆ, ಇನ್‌ನ ಲಾಬಿ ಚೆನ್ನಾಗಿದೆ, ಬೆಚ್ಚಗಿದೆ, ಸೋಫಾಗಳಿವೆ. ಆದರೆ ಅದು ಒಂದು ಒಳ್ಳೆಯ ಹೋಟೆಲಿನ ಲಾಬಿ. ನಾವು ಎಂಟು ಗಂಟೆಗೆ ರೂಮಿಗೆ ಬಂದು ಟೀವಿ ಹಾಕಿದೆವು. ಅಮ್ಮ ಏನೂ ಅನ್ನಲಿಲ್ಲ. ನನಗೆ ಮಾತ್ರ, ಇಷ್ಟು ದೂರ ಬಂದು ಟೀವಿ ನೋಡುತ್ತಿದ್ದೇವಲ್ಲ ಅಂತ ಮನಸ್ಸು ಚುಚ್ಚಿತು.

ಗ್ರೋವ್ ಪಾರ್ಕಿನಲ್ಲಿ ಉಳಿದರೆ

ಗ್ರೇಟ್ ಹಾಲ್ ಎಂದು ಕರೆಯುವ ಹಜಾರದ ಉದ್ದ 120 ಅಡಿ. ಎರಡು ತುದಿಯಲ್ಲಿ ಎರಡು ಕಲ್ಲಿನ ಅಗ್ಗಿಷ್ಟಿಕೆ, ಒಂದೊಂದೂ ಆಳು ನಿಲ್ಲುವಷ್ಟು ದೊಡ್ಡದು. ಚಳಿಗಾಲದಲ್ಲಿ ಅವುಗಳಲ್ಲಿ ದಪ್ಪ ದಪ್ಪ ಕೊರಡು ಉರಿಯುತ್ತಿರುತ್ತದೆ, ಎದುರಿಗೆ ತೂಗುಕುರ್ಚಿಗಳು. ಅಗ್ಗಿಷ್ಟಿಕೆಯ ಪಕ್ಕದ ಕಲ್ಲುಗೋಡೆಯಲ್ಲಿ ಒಂದು ಬಾಗಿಲು ತೆರೆದು ಜನ ಹೊರಬರುತ್ತಾರೆ. ಹೊಗೆಗೂಡಿನ ಕಟ್ಟಡದೊಳಗೇ ಲಿಫ್ಟನ್ನು ಅಡಗಿಸಿದ್ದಾರೆ, ಹಜಾರದಲ್ಲಿ ಯಂತ್ರದ ಸದ್ದು ಕೇಳಬಾರದು ಅಂತ. ಮೊದಲ ಸಲ ಅದನ್ನು ಕಂಡ ಅಮ್ಮ ನನ್ನ ಕೈ ಹಿಡಿದೆಳೆದು, "ಒಲೆಯಿಂದ ಮನುಷ್ಯರು ಬರ್ತಿದಾರಲ್ಲೇ" ಅಂದಳು. ಆ ಲಿಫ್ಟಿನಲ್ಲಿ ಮೂರು ಸಲ ಹತ್ತಿ ಇಳಿದೆವು, ಕೆಲಸವಿಲ್ಲದಿದ್ದರೂ.

ಆ ಸಂಜೆ ಅವಳು ಕುರ್ಚಿಯಲ್ಲಿ ಕೂತವಳು ಎದ್ದದ್ದು ಹತ್ತು ಗಂಟೆಗೆ. ಕಾಲಿಗೆ ಬೆಂಕಿಯ ಶಾಖ ತಗಲುತ್ತಿತ್ತು. ಅವಳ ಅಜ್ಜಿ ಹಂಡೆ ಒಲೆ ಮುಂದೆ ಕೂತು ಹೇಳುತ್ತಿದ್ದ ಕತೆ, ನನ್ನ ಅಪ್ಪನನ್ನು ನೋಡಲು ಬಂದ ದಿನ ಅವಳು ಉಟ್ಟಿದ್ದ ಸೀರೆ, ಕಾಲೇಜಿನಲ್ಲಿ ಬಿಟ್ಟುಬಿಟ್ಟ ವೀಣೆ. ವೀಣೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಬೆಂಕಿ ಮುಂದೆ ಕೂತವರು ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ, ಅದಕ್ಕೇ ಇರಬೇಕು ಮಾತು ತಾನಾಗಿ ಬರುವುದು. ನಾನು ಈ ಇನ್‌ಗೆ ಹೆಚ್ಚು ತೂಕ ಕೊಡುವುದು ಆ ಮೂರು ಗಂಟೆಗಾಗಿ.

ಆದರೆ ರೂಮು ಆರಿಸುವಾಗ ಎಚ್ಚರ ಬೇಕು. ಇದು 500ಕ್ಕೂ ಹೆಚ್ಚು ಕೋಣೆಗಳಿರುವ ದೊಡ್ಡ ರೆಸಾರ್ಟ್, ಎಲ್ಲವೂ ಹಳೆಯವಲ್ಲ. 1913ರ ಮೂಲ ಕಟ್ಟಡಕ್ಕೆ ಮೇನ್ ಇನ್ ಎನ್ನುತ್ತಾರೆ. ಅದರ ಎರಡು ಪಕ್ಕಕ್ಕೆ 1980ರ ದಶಕದಲ್ಲಿ ಸೇರಿಸಿದ ಸ್ಯಾಮನ್ಸ್ ಮತ್ತು ವ್ಯಾಂಡರ್‌ಬಿಲ್ಟ್ ಎಂಬ ರೆಕ್ಕೆಗಳಿವೆ. (ಹೆಸರು ಕೇಳಿ ಬಿಲ್ಟ್‌ಮೋರಿಗೆ ಸೇರಿದ್ದು ಅಂದುಕೊಳ್ಳಬೇಡಿ.) ಮೇನ್ ಇನ್ ಕೋಣೆಗಳು ಚಿಕ್ಕವು, ಓಕ್ ಮರದ ಹಳೇ ಶೈಲಿಯ ಪೀಠೋಪಕರಣ, ದಪ್ಪ ಗೋಡೆ, ಬಾಗಿಲು ತೆರೆದು ಹೊರಬಂದರೆ ಲಿಫ್ಟು, ಲಿಫ್ಟು ಇಳಿದರೆ ಹಜಾರ. ರೆಕ್ಕೆಗಳ ಕೋಣೆ ದೊಡ್ಡವು, ಹೊಸ ಬಚ್ಚಲು, ಕೆಲವಕ್ಕೆ ಬಾಲ್ಕನಿ. ಆದರೆ ಹಜಾರಕ್ಕೆ ಬರಲು ಉದ್ದನೆಯ ಕಾರಿಡಾರು ನಡೆಯಬೇಕು. ಮಂಡಿ ನೋವಿನ ಅಮ್ಮ ಒಮ್ಮೆ ರೂಮಿಗೆ ಹೋದರೆ ಮತ್ತೆ ಬರಲು ಬೇಸರ ಮಾಡಿಕೊಳ್ಳುತ್ತಾರೆ. ಚಿಕ್ಕದಾದರೂ ಮೇನ್ ಇನ್ ಹಿಡಿಯಿರಿ ಎನ್ನುವುದು ನನ್ನ ಮಾತು. ಎರಡು ಹಾಸಿಗೆಯ ಕೋಣೆ ಬೇಕು ಎಂದು ಬುಕ್ ಮಾಡುವಾಗಲೇ ಕೇಳಿ. ಸ್ನಾನಕ್ಕೆ ಟಬ್ ಇದೆಯೋ, ನಿಂತು ಸ್ನಾನ ಮಾಡುವ ಶವರ್ ಇದೆಯೋ ಅಂತಲೂ ಕೇಳಿ. ಟಬ್ಬಿನ ಅಂಚು ದಾಟುವುದು ವಯಸ್ಸಾದವರಿಗೆ ಕಷ್ಟ.

ನೆಲದಡಿಯ ಸ್ಪಾ ಬಹಳ ಹೆಸರುವಾಸಿ, ದುಬಾರಿಯೂ ಹೌದು. ಈಜುಡುಗೆ ಹಾಕಲು ಅಮ್ಮ ಒಪ್ಪದಿದ್ದರೆ ಆ ದುಡ್ಡು ಉಳಿಸಿ.

ಕ್ರಿಸ್‌ಮಸ್ ಹೊತ್ತಿನಲ್ಲಿ ಇಲ್ಲಿ ಇನ್ನೊಂದು ಆಕರ್ಷಣೆ ಜಿಂಜರ್‌ಬ್ರೆಡ್ ಮನೆಗಳು. 1992ರಲ್ಲಿ ಸಣ್ಣದಾಗಿ ಶುರುವಾದ ಸ್ಪರ್ಧೆ ರಾಷ್ಟ್ರಮಟ್ಟದ್ದಾಗಿ ಬೆಳೆದಿದೆ. ಶುಂಠಿ ಬಿಸ್ಕತ್ತಿನ ಹಿಟ್ಟು, ಸಕ್ಕರೆ ಪಾಕದಲ್ಲಿ ಗೋಡೆ, ಮೆಟ್ಟಿಲು, ಗಡಿಯಾರದ ಮುಳ್ಳುಗಳವರೆಗೂ ಮಾಡಿರುತ್ತಾರೆ, ಎಲ್ಲವೂ ತಿನ್ನುವ ವಸ್ತುವಿನಿಂದಲೇ ಆಗಬೇಕು ಎನ್ನುವುದು ನಿಯಮ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕಿ ಕೈ ಪಳಗಿದ ಅಮ್ಮನಿಗೆ ಪ್ರತಿಯೊಂದರ ಮುಂದೆಯೂ ಪಾಕದ ಹದದ ಚರ್ಚೆ. ಹೊರಗಿನಿಂದ ನೋಡಲು ಬರುವವರಿಗೆ ಎಲ್ಲ ದಿನವೂ ಪ್ರವೇಶ ಇರುವುದಿಲ್ಲ, ಜನಜಂಗುಳಿಯ ವಾರಾಂತ್ಯಗಳನ್ನು ಅಲ್ಲೇ ಉಳಿದವರಿಗೆ ಮೀಸಲಿಡುವುದುಂಟು. ಬೇರೆ ಕಡೆ ಇಳಿದಿದ್ದರೆ ವಾರದ ಮಧ್ಯದ ದಿನ ಇಟ್ಟುಕೊಂಡು, ಆ ವರ್ಷದ ವೇಳೆಯನ್ನು ಮೊದಲೇ ನೋಡಿ ಹೋಗಿ.

ಊರೊಳಗೆ ಉಳಿದರೆ

ಖರ್ಚು ಕಡಿಮೆ ಆಗಬೇಕೆಂದರೆ ಇದೇ ದಾರಿ. ಮೇಲಿನ ಎರಡೂ ಕಡೆ ರೂಮಿನ ದರದ ಮೇಲೆ ರೆಸಾರ್ಟ್ ಶುಲ್ಕ, ಪಾರ್ಕಿಂಗ್, ತೆರಿಗೆ ಸೇರುತ್ತ ಹೋಗಬಹುದು, ಒಟ್ಟು ಮೊತ್ತ ಹೋಲಿಸಿ ನೋಡಿ, ಮೊದಲ ಸಾಲಿನ ಡಾಲರ್ ಲೆಕ್ಕವನ್ನಲ್ಲ. ಡೌನ್‌ಟೌನ್‌ನಲ್ಲಿ ಸಾಧಾರಣ ಹೋಟೆಲು ಹಿಡಿದರೆ ಸೇಂಟ್ ಲಾರೆನ್ಸ್ ಬೆಸಿಲಿಕಾ ಹತ್ತಿರ. ಬಿಲ್ಟ್‌ಮೋರ್ ಮನೆಯ ಹೆಂಚಿನ ಕಮಾನುಗಳನ್ನು ಕಟ್ಟಿದ ರಾಫೆಲ್ ಗ್ವಾಸ್ಟವಿನೋ ಈ ಸೀಮೆಗೇ ಮನಸೋತು, ಹತ್ತಿರದ ಬ್ಲ್ಯಾಕ್ ಮೌಂಟನ್‌ನಲ್ಲಿ ನೆಲೆಸಿ, ಈ ಚರ್ಚು ಕಟ್ಟಲು ಮುಂದಾದ. ಅವನ ಸಮಾಧಿಯೂ ಅದರೊಳಗೇ ಇದೆ. ಆಧಾರದ ಕಂಬವೇ ಇಲ್ಲದ ಅಂಡಾಕಾರದ ಗುಮ್ಮಟದ ಕೆಳಗೆ ಹತ್ತು ನಿಮಿಷ ಸುಮ್ಮನೆ ಕೂರಬಹುದು.

ಊಟದ ವಿಷಯದಲ್ಲೂ ಊರಿಗೇ ಹೆಚ್ಚು ಅಂಕ. 2009ರಲ್ಲಿ ಶುರುವಾದ ಚಾಯ್ ಪಾನಿ ಎಂಬ ಚಾಟ್ ಹೋಟೆಲು 2022ರಲ್ಲಿ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಪಡೆಯಿತು, ಇಡೀ ಅಮೆರಿಕಕ್ಕೆ ಅತ್ಯುತ್ತಮ ರೆಸ್ಟೋರೆಂಟ್ ಎಂದು. ಎರಡು ದಿನ ಬ್ರೆಡ್ಡು, ಆಲೂಗಡ್ಡೆ, ಸಲಾಡಿನಲ್ಲಿ ಕಾಲ ಹಾಕಿದ ಸಸ್ಯಾಹಾರಿ ಅಮ್ಮನ ಮುಂದೆ ಒಂದು ತಟ್ಟೆ ಭೇಲ್‌ಪುರಿ ಇಟ್ಟು ನೋಡಿ. ಎಲ್ಲಿ ಉಳಿದರೂ ಇಲ್ಲಿಗೆ ಒಂದು ಹೊತ್ತು ಬನ್ನಿ. ಜತೆಗೆ ಗೊಜ್ಜವಲಕ್ಕಿ, ಚಟ್ನಿಪುಡಿ, ಒಂದು ಫ್ಲಾಸ್ಕು ಚೀಲದಲ್ಲಿ ಇರಲಿ. ಬಿಲ್ಟ್‌ಮೋರ್ ಮನೆಯೊಳಗೆ ಮಾತ್ರ ತಿಂಡಿ, ಕುಡಿಯುವುದು ಒಯ್ಯುವಂತಿಲ್ಲ. ಮನೆಯ ಪಕ್ಕದ ಹಳೇ ಕುದುರೆಲಾಯವೇ ಈಗ ಕೆಫೆ, ಕುದುರೆ ಕಟ್ಟುತ್ತಿದ್ದ ಕಟ್ಟೆಗಳಲ್ಲೇ ಮೇಜು ಹಾಕಿದ್ದಾರೆ.

ಊರೊಳಗೆ ಉಳಿದಾಗ ಸಂಜೆಯ ಪ್ರಶ್ನೆ ಹಾಗೇ ಉಳಿಯುತ್ತದೆ. ಅದಕ್ಕೆ ಒಂದು ಉಪಾಯ: ನಾಲ್ಕೂವರೆಗೆ ಗ್ರೋವ್ ಪಾರ್ಕಿಗೆ ಹೋಗಿ. ಪಶ್ಚಿಮಕ್ಕೆ ಮುಖ ಮಾಡಿದ ಟೆರೇಸಿನಿಂದ ಬ್ಲೂ ರಿಜ್ ಬೆಟ್ಟಗಳ ಹಿಂದೆ ಸೂರ್ಯ ಮುಳುಗುವುದನ್ನು ನೋಡಿ, ಒಂದು ಬಿಸಿ ಚಾಕೊಲೇಟು ತೆಗೆದುಕೊಂಡು ಬೆಂಕಿ ಹತ್ತಿರ ಕುರ್ಚಿ ಸಿಕ್ಕರೆ ಕೂತುಬಿಡಿ.

ಬಿಲ್ಟ್‌ಮೋರ್: ಹಗಲೋ, ದೀಪದ ರಾತ್ರಿಯೋ

ನವೆಂಬರ್ ಮೊದಲಿನಿಂದ ಜನವರಿ ಮೊದಲ ದಿನಗಳವರೆಗೆ ಮನೆಯ ತುಂಬ ಕ್ರಿಸ್‌ಮಸ್ ಅಲಂಕಾರ. ಔತಣದ ಹಜಾರದ ಚಾವಣಿ 70 ಅಡಿ ಎತ್ತರ, ಅದರಲ್ಲಿ 35 ಅಡಿಯ ಫ್ರೇಸರ್ ಫರ್ ಮರ ನಿಲ್ಲಿಸುತ್ತಾರೆ. ಇದೇ ದಕ್ಷಿಣ ಅಪಲೇಚಿಯನ್ ಬೆಟ್ಟಗಳ ಮರ ಅದು. ಎಸ್ಟೇಟಿನ ಕೆಲಸಗಾರರ ಮಕ್ಕಳಿಗೆ ಮರದ ಕೆಳಗೆ ಉಡುಗೊರೆ ಕೊಡುವ ಪದ್ಧತಿ ಮೊದಲ ಕ್ರಿಸ್‌ಮಸ್ಸಿನಿಂದಲೇ ಇತ್ತು.

ಸಂಜೆಯ ಟಿಕೆಟ್ ಹಗಲಿನದಕ್ಕಿಂತ ದುಬಾರಿ. ಮೋಂಬತ್ತಿ, ಬೆಂಕಿಯ ಬೆಳಕು, ಅಲ್ಲಲ್ಲಿ ಹಾಡು, ವಾದ್ಯ. ಫೋಟೋಗಳನ್ನು ನೋಡಿದ ಯಾರಿಗಾದರೂ ಇದೇ ಬೇಕೆನಿಸುತ್ತದೆ. ನಾನೂ ಮೊದಲ ಸಲ ಅದನ್ನೇ ತೆಗೆದುಕೊಂಡೆ. ಆದರೆ ಅಮ್ಮನಿಗೆ ಮಂದ ಬೆಳಕಿನಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲ. ಮೆಟ್ಟಿಲು ಮೆಟ್ಟಿಲಿಗೂ ನನ್ನ ತೋಳು ಹಿಡಿದು, ನೆಲ ನೋಡಿಕೊಂಡೇ ನಡೆದಳು, ಚಾವಣಿ ನೋಡಲೇ ಇಲ್ಲ. ಎರಡನೇ ಸಲ ಹಗಲಿನಲ್ಲಿ ಹೋದಾಗ ಅದೇ ಮನೆ ಅವಳಿಗೆ ಹೊಸದು. ವೆನಿಸ್ಸಿನ ಅರಮನೆಯೊಂದರಿಂದ ತಂದು ಗ್ರಂಥಾಲಯದ ಚಾವಣಿಗೆ ಕೂರಿಸಿದ ಪೆಲ್ಲೆಗ್ರಿನಿಯ ಚಿತ್ರ, ಗ್ಯಾಲರಿಯ 16ನೇ ಶತಮಾನದ ನೇಯ್ಗೆಯ ಪರದೆಗಳು, ಎಲ್ಲದರ ಮುಂದೆ ನಿಂತಳು. ಅಮ್ಮನ ಕಣ್ಣು, ಕಾಲು ಗಟ್ಟಿಯಿದ್ದರೆ ರಾತ್ರಿ ಟಿಕೆಟ್ ತೆಗೆದುಕೊಳ್ಳಿ, ಖಂಡಿತ ಚೆಂದ. ಸ್ವಲ್ಪ ಅನುಮಾನವಿದ್ದರೂ ಹಗಲಿಗೇ ಹೋಗಿ.

ಹಗಲಿನಲ್ಲಿ ಹೋಗಲು ಇನ್ನೊಂದು ಕಾರಣ ನೆಲಮಾಳಿಗೆ. ಈಜುಕೊಳ, ಬೌಲಿಂಗ್ ಜಾಗ ನೋಡಿ ಮುಂದೆ ಬಂದರೆ ಅಡುಗೆಮನೆಗಳು: ದೊಡ್ಡ ಅಡುಗೆಗೆ ಒಂದು, ಬೇಕರಿ ತಿಂಡಿಗೆ ಒಂದು, ಮಾಂಸ ಸುಡಲು ಒಂದು. ಆಮೇಲೆ ಉಗ್ರಾಣ, ಬಟ್ಟೆ ಒಗೆಯುವ ಕೋಣೆ, ಗೋಡೆಯಿಂದ ಹೊರಗೆಳೆಯುವ ಬಟ್ಟೆ ಒಣಗಿಸುವ ಚೌಕಟ್ಟುಗಳು. ಮೇಲಿನ ರೇಷ್ಮೆ, ಚಿನ್ನಗಳನ್ನು ಅಮ್ಮ ಗೌರವದಿಂದ ನೋಡಿದಳು. ಇಲ್ಲಿ ಮಾತ್ರ ಮೈಯೆಲ್ಲ ಕಣ್ಣಾದಳು. ತಾಮ್ರದ ಪಾತ್ರೆಗಳ ಸಾಲು ನೋಡುತ್ತಾ, "ಇದನ್ನೆಲ್ಲ ಹುಣಸೆಹಣ್ಣಿಲ್ಲದೆ ಹೇಗೆ ತಿಕ್ಕುತ್ತಿದ್ದರೋ" ಎಂದು ಕೇಳಿದಳು. ಸಮಯ ಕಡಿಮೆ ಬಿದ್ದರೆ ಮೇಲಿನ ಕೆಲವು ಮಲಗುವ ಕೋಣೆ ಬಿಡಿ, ನೆಲಮಾಳಿಗೆ ಬಿಡಬೇಡಿ.

ಇನ್ನೊಂದು ಕತೆಯನ್ನು ಅಲ್ಲಿಗೆ ಹೋಗುವ ಮೊದಲೇ ಅಮ್ಮನಿಗೆ ಹೇಳಿಡಿ. ಜಾರ್ಜ್ 1914ರಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡ. ಉಳಿದವರು ಹೆಂಡತಿ ಈಡಿತ್, ಹದಿಮೂರು ವರ್ಷದ ಒಬ್ಬಳೇ ಮಗಳು ಕಾರ್ನೇಲಿಯಾ. ಈಡಿತ್ 86,000 ಎಕರೆಗೂ ಹೆಚ್ಚು ಕಾಡನ್ನು ಸರ್ಕಾರಕ್ಕೆ ಮಾರಿದಳು, ಪಿಸ್ಗಾ ರಾಷ್ಟ್ರೀಯ ಅರಣ್ಯದ ತಿರುಳು ಅದೇ. ಮನೆಯನ್ನು ಮಾತ್ರ ಬಿಡಲಿಲ್ಲ. ಮಗಳು, ಅಳಿಯ 1930ರಲ್ಲಿ ಅದನ್ನು ಜನರಿಗೆ ತೆರೆದರು. ಗಂಡನ ಹೆಸರಿನ ಮನೆ ಉಳಿದದ್ದು ತಾಯಿ ಮಗಳಿಂದ. ನಾನು ಇದನ್ನು ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ವಾಣಿವಿಲಾಸದವರ ಹಾಗೆ" ಅಂದಳು. 1894ರ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ತೀರಿಕೊಂಡ ಮೇಲೆ ಮಗ ದೊಡ್ಡವನಾಗುವ ತನಕ, 1902ರವರೆಗೆ, ರಾಜ್ಯ ನಡೆಸಿದ ಮಹಾರಾಣಿ. ಅಲ್ಲಿಂದ ಮುಂದೆ ಅಮ್ಮ ಆ ಮನೆಯಲ್ಲಿ ಪ್ರವಾಸಿಯ ಹಾಗೆ ನಡೆಯಲಿಲ್ಲ, ಗೊತ್ತಿರುವವರ ಮನೆಗೆ ಬಂದ ಹಾಗೆ ನಡೆದಳು.

ದಿನ, ಚಳಿ, ದಾರಿ

ಥ್ಯಾಂಕ್ಸ್‌ಗಿವಿಂಗ್ ವಾರಾಂತ್ಯ ಮತ್ತು ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗಿನ ವಾರ ಎರಡನ್ನೂ ಬಿಡಿ. ಡಿಸೆಂಬರ್ ಮೊದಲ ಎರಡು ವಾರಗಳ ಮಂಗಳವಾರ, ಬುಧವಾರ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಮನೆ ನೋಡಲು ನಿಗದಿತ ಸಮಯದ ಟಿಕೆಟ್ ಬೇಕು, ಬೆಳಗ್ಗೆ ಹತ್ತೂವರೆ, ಹನ್ನೊಂದರ ಹೊತ್ತು ಆರಿಸಿ. ಗೇಟಿನಿಂದ ಮನೆಗೆ ಮೂರು ಮೈಲಿ ಕಾಡಿನ ದಾರಿ, ಮನೆ ಕೊನೆಯ ತಿರುವಿನವರೆಗೂ ಕಾಣದ ಹಾಗೆ ಓಮ್‌ಸ್ಟೆಡ್ ಮಾಡಿದ್ದು, ಅವಸರದಲ್ಲಿ ಓಡಿಸಬೇಡಿ. ನಡೆಯಲು ಆಗದವರಿಗೆ ಗಾಲಿಕುರ್ಚಿ, ಲಿಫ್ಟಿನ ಏರ್ಪಾಡಿದೆ, ಆದರೆ ಎಲ್ಲ ಭಾಗಕ್ಕೂ ಅಲ್ಲ. ಕನ್ಸರ್ವೇಟರಿ ಎಂಬ ಗಾಜಿನ ಮನೆಯಲ್ಲಿ ಆರ್ಕಿಡ್ಡುಗಳು, ಬೆಚ್ಚನೆಯ ಗಾಳಿ. ಅಲ್ಲಿಗೆ ಇಳಿಜಾರು, ವಾಪಸ್ಸು ಏರು ಅನ್ನುವುದು ನೆನಪಿರಲಿ.

ಹಗಲು ಹತ್ತು ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ, ರಾತ್ರಿ ಸೊನ್ನೆಗೆ ಇಳಿಯುತ್ತದೆ. ಸೀರೆ ಉಡುವ ಅಮ್ಮನಿಗೆ ಒಳಗೆ ಥರ್ಮಲ್, ಮೇಲೆ ಉದ್ದ ಕೋಟು, ಉಣ್ಣೆಯ ಕಾಲುಚೀಲ, ಜಾರದ ಬೂಟು. ಬ್ಲೂ ರಿಜ್ ಪಾರ್ಕ್‌ವೇಯ ಹಲವು ಭಾಗ ಹಿಮ ಬಿದ್ದರೆ ಮುಚ್ಚುತ್ತಾರೆ, ಆ ದಾರಿಯನ್ನು ನಂಬಿ ಯೋಜನೆ ಹಾಕಬೇಡಿ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಈ ಪ್ರದೇಶವನ್ನು ಜರ್ಜರಿತ ಮಾಡಿತು. ಎಸ್ಟೇಟಿನ ಬಾಗಿಲಲ್ಲೇ ಇರುವ ಬಿಲ್ಟ್‌ಮೋರ್ ವಿಲೇಜ್ ನೀರಿನಲ್ಲಿ ಮುಳುಗಿತ್ತು. ಎತ್ತರದಲ್ಲಿರುವ ಮನೆ ಉಳಿಯಿತು, ನವೆಂಬರ್ 2ರಂದು ಎಸ್ಟೇಟು ಮತ್ತೆ ತೆರೆಯಿತು. ಟೆನೆಸೀ ಕಡೆಯಿಂದ ಐ-40 ಹೆದ್ದಾರಿಯಲ್ಲಿ ಬರುವವರು ಹೊರಡುವ ದಿನ ರಸ್ತೆಯ ಸ್ಥಿತಿ ನೋಡಿಕೊಳ್ಳಿ. ಅಂಗಡಿ, ಸಣ್ಣ ಹೋಟೆಲುಗಳಲ್ಲಿ ನಾಲ್ಕು ಕಾಸು ಖರ್ಚು ಮಾಡಿ ಬನ್ನಿ. ಆ ಊರಿನವರು ಬಹಳ ಕಷ್ಟಪಟ್ಟು ಮತ್ತೆ ಎದ್ದು ನಿಂತಿದ್ದಾರೆ.

ಒಂದೇ ರಾತ್ರಿಗೆ ಹೋಗುತ್ತೀರಾದರೆ, ಅಮ್ಮ ಮಾತಿನವರಾದರೆ, ಮಂಡಿ ನೋವಿದ್ದರೆ: ಗ್ರೋವ್ ಪಾರ್ಕ್, ಮೇನ್ ಇನ್, ಮರುದಿನ ಹಗಲು ಬಿಲ್ಟ್‌ಮೋರ್. ಎರಡು ರಾತ್ರಿ ಇದ್ದು, ಅಮ್ಮ ಬೆಳಗ್ಗೆ ಐದಕ್ಕೆ ಎದ್ದು ವಾಕಿಂಗ್ ಹೊರಡುವವರಾದರೆ: ಎಸ್ಟೇಟು.

ಈ ವರ್ಷ ಅಮ್ಮನ ಜತೆ ಚಿಕ್ಕಮ್ಮನೂ ಬರುತ್ತಿದ್ದಾರೆ. ಚಿಕ್ಕಮ್ಮ ದಿನಾ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು ಹಾಕುವವರು, ಕೂತಲ್ಲಿ ಕೂರುವವರಲ್ಲ. ಹಾಗಾಗಿ ನಾನು ಇಷ್ಟು ಹೊಗಳಿದ ತಂಗಿಯನ್ನು ಬಿಟ್ಟು ಅಕ್ಕನ ಅಂಗಳದಲ್ಲೇ ರೂಮು ಹಿಡಿದಿದ್ದೇನೆ, ಡಿಸೆಂಬರ್ ಎರಡನೇ ವಾರ, ಮಂಗಳವಾರದಿಂದ ಗುರುವಾರಕ್ಕೆ. ಬುಧವಾರ ಸಂಜೆ ನಾಲ್ಕೂವರೆಯ ಹೊತ್ತಿಗೆ ಬೇರೇನೂ ಇಟ್ಟುಕೊಂಡಿಲ್ಲ. ಆ ಕಲ್ಲಿನ ಹಜಾರದಲ್ಲಿ ಮೂರು ಕುರ್ಚಿ ಸಿಗಬೇಕು, ಅಮ್ಮ ವೀಣೆಯ ಕತೆಯನ್ನು ಅರ್ಧಕ್ಕೆ ನಿಲ್ಲಿಸಿದ್ದಾಳೆ.